ಎರಡನೇ ಕೋಣೆ ಹುಟ್ಟಿದ ದಿನ

"ಪ್ರಯಾಣಿಕರ ಗಮನಕ್ಕೆ. ಎರಡು ಮೂವತ್ತೈದರ ಗಾಡಿ ಒಂಬತ್ತನೇ ಪ್ಲಾಟ್‌ಫಾರ್ಮಿನಿಂದ ಹೊರಡಲಿದೆ."

ದನಿಯಣ್ಣನ ದನಿ. ಜೇನಿನಲ್ಲಿ ಅದ್ದಿ, ಒಣಗಿಸಿ, ಇಸ್ತ್ರಿ ಮಾಡಿ ಮಡಚಿಟ್ಟಂಥ ದನಿ.

ನಿಲ್ದಾಣದ ಕಬ್ಬಿಣದ ಮೆಟ್ಟಿಲು ಹತ್ತುತ್ತಿದ್ದ ಕಂಪ್ಯೂಟರ್ ರಿಪೇರಿ ಅಂಗಡಿಯ ಡಿಸ್ಕ್ ಡಾಕ್ಟ್ರಮ್ಮ ಗಕ್ಕನೆ ನಿಂತಳು. ಹಿಂದೆಯೇ ಬರುತ್ತಿದ್ದ ಇನ್ಸ್‌ಪೆಕ್ಟರ್ ಅವಳ ಬೆನ್ನಿನ ಚೀಲಕ್ಕೆ ಡಿಕ್ಕಿ ಹೊಡೆದರು.

"ಏನಾಯ್ತು ಡಾಕ್ಟ್ರೆ? ಬ್ರೇಕ್ ಹಾಕೋಕ್ಮುಂಚೆ ಕೈನಾದ್ರೂ ತೋರಿಸಿ."

"ಒಂಬತ್ತು ಅಂದ್ರಲ್ಲ ಸಾರ್."

"ಅಂದ್ರು. ಆ ಗಾಡಿ ಒಂಬತ್ತಕ್ಕೇ ಬರೋದು."

"ಒಂಬತ್ತನೇ ಪ್ಲಾಟ್‌ಫಾರ್ಮ್ ಶುರುವಾಗಿದ್ದು ಯಾವತ್ತು?"

"ಹೋದ ವಾರ. ಬಂದೋಬಸ್ತಿಗೆ ನಾನೇ ಬಂದಿದ್ದೆ. ರಿಬ್ಬನ್ನು ಕತ್ತರಿಸೋಕೆ ಕತ್ತರಿ ಸಿಗದೆ..."

"ದನಿಯಣ್ಣ ಸತ್ತಿದ್ದು?"

ಇನ್ಸ್‌ಪೆಕ್ಟರ್ ನೆತ್ತಿಯ ಮೇಲಿನ ಸ್ಪೀಕರನ್ನು ಒಮ್ಮೆ ನೋಡಿದರು. ಅದು ಸಾವಕಾಶವಾಗಿ, ಎಂದಿನ ಸೌಜನ್ಯದಿಂದ, ಅದನ್ನೇ ಇನ್ನೊಮ್ಮೆ ಹೇಳಿತು.

ದನಿಯಣ್ಣ ಸತ್ತು ಇಪ್ಪತ್ತಾರು ದಿನವಾಗಿತ್ತು. ಇಪ್ಪತ್ತೆರಡು ವರ್ಷ ಈ ನಿಲ್ದಾಣದ ಘೋಷಕನಾಗಿದ್ದವನು ಈ ಮೆಟ್ಟಿಲು ಸೇರುವ ಮೇಲ್ಸೇತುವೆಯಿಂದ ಉರುಳಿ ಬಿದ್ದಿದ್ದ. ಹತ್ತನೇ ದಿನ ಅವನ ಮನೆಯ ಮೇಜಿನ ಡ್ರಾಯರಿನಲ್ಲಿ ಒಂದು ಡಿಸ್ಕು ಸಿಕ್ಕಿತು. ಅದರೊಳಗೆ ಅವನದೇ ದನಿಯಲ್ಲಿ ಒಂದೇ ಒಂದು ಮಾತು: "ನನಗೆ ಏನಾದರೂ ಆದಲ್ಲಿ, ಅದಕ್ಕೆ ಕಾರಣ ನನ್ನ ತಮ್ಮ." ಧ್ವನಿ ಫೈಲಿನ ನೆತ್ತಿಯ ಮೇಲೆ ತಾರೀಕು ಇತ್ತು, ಅವನು ಸತ್ತ ದಿನದ ಬೆಳಿಗ್ಗೆಯದು. ಮರುದಿನವೇ ತಮ್ಮನನ್ನು ಹಿಡಿದು ಒಳಗೆ ಹಾಕಿದರು.

ಆ ತಮ್ಮ ಡಾಕ್ಟ್ರಮ್ಮನ ಒಬ್ಬಳೇ ತಂಗಿಯ ಗಂಡ. ಇವತ್ತು ನಾಲ್ಕು ಗಂಟೆಗೆ ಪ್ರಯೋಗಾಲಯದ ವರದಿ ನ್ಯಾಯಾಧೀಶರ ಮುಂದೆ ಹೋಗುತ್ತದೆ. ಅವರು ಅದನ್ನು ಒಪ್ಪಿ ಸಹಿ ಹಾಕಿದರೆ, ಅವನು ಮತ್ತೆ ಹೊರಗಿನ ಬಿಸಿಲು ನೋಡುವುದು ಯಾವ ವರ್ಷವೋ.

"ರೆಕಾರ್ಡಿಂಗ್ ಹಳೇದೇ ಇರಬೇಕು ಬಿಡಿ," ಇನ್ಸ್‌ಪೆಕ್ಟರ್ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಕುತ್ತಿಗೆಯ ಹಿಂದಿನ ಕೂದಲು ಮಾತ್ರ ಆ ಸಮಾಧಾನ ಕೇಳಿಸಿಕೊಳ್ಳದೆ ನೆಟ್ಟಗೆ ನಿಂತಿತ್ತು. ಎಂಟು ವರ್ಷದಿಂದ ಹಂಗಾಮಿ ಇನ್ಸ್‌ಪೆಕ್ಟರ್ ಆಗಿರುವ ಮನುಷ್ಯ. ಠಾಣೆಯಲ್ಲಿ ಖಾಯಂ ಆಗಿರುವುದು ಅವರ ಹಂಗಾಮಿತನ ಒಂದೇ ಎಂದು ಎಲ್ಲರೂ ನಗುತ್ತಿದ್ದರು. 'ಹಂಗಾಮಿ' ಎಂದೇ ಅವರ ಹೆಸರಾಗಿಹೋಗಿತ್ತು.

ಮೆಟ್ಟಿಲ ತಿರುವಿನಲ್ಲಿ ಒಂದು ಬೆಂಚಿತ್ತು. ಡಾಕ್ಟ್ರಮ್ಮ ಅಲ್ಲೇ ಕೂತು, ಹಂಗಾಮಿ ಬೆಳಿಗ್ಗೆ ಕೊಟ್ಟಿದ್ದ ವರದಿಯ ಪ್ರತಿಯಲ್ಲಿ ಏಳನೇ ಪುಟ ತೆಗೆದಳು. ಬೆಳಿಗ್ಗೆಯಿಂದ ಅದನ್ನು ನಾಲ್ಕು ಸಲ ಓದಿದ್ದಳು. ಆ ಪುಟದಲ್ಲಿ ಏನೋ ಒಂದು ಕಣ್ಣಿಗೆ ಧೂಳು ಬಿದ್ದ ಹಾಗೆ ಚುಚ್ಚುತ್ತಿತ್ತು.

"ಈ ಡಿಸ್ಕಲ್ಲಿ ಎರಡು ಪಾರ್ಟಿಷನ್ ಇದೆ ಸಾರ್."

"ಪಾರ್ಟಿಷನ್ ಕೇಸು ಸಿವಿಲ್ ಕೋರ್ಟಿಗೆ ಹೋಗೋದು ಡಾಕ್ಟ್ರೆ. ನಮ್ಮ ಸ್ಟೇಷನ್ನಿಗೆ ಬರಲ್ಲ."

"ಅಯ್ಯೋ, ಲಾಡ್ಜು ಅನ್ಕೊಳ್ಳಿ. ಡಿಸ್ಕು ಅಂದ್ರೆ ಒಂದು ಲಾಡ್ಜು. ಒಳಗೆ ರೂಮುಗಳು. ಬಾಗಿಲಲ್ಲಿ ಒಂದು ರಿಜಿಸ್ಟರು. ಒಂದೊಂದು ರೂಮಿಗೂ ಅದ್ರಲ್ಲಿ ಎರಡೆರಡು ನಂಬರು."

"ಎರಡ್ಯಾಕೆ? ನಮ್ಗೆ ಒಂದು ನೆನಪಿಟ್ಕೊಳ್ಳೋದೇ ಕಷ್ಟ."

"ಮೊದಲ್ನೇದು, ಅದು ಎಂಥಾ ರೂಮು ಅಂತ ಹೇಳುತ್ತೆ. ಅಡುಗೆಮನೆನೋ, ಉಗ್ರಾಣನೋ, ಮಲಗೋ ರೂಮೋ. ಲೋಕದಲ್ಲಿರೋ ಅಷ್ಟೂ ಅಡುಗೆಮನೆಗೆ ಒಂದೇ ನಂಬರು, ಅಷ್ಟೂ ಉಗ್ರಾಣಕ್ಕೆ ಇನ್ನೊಂದು. ಎರಡನೇ ನಂಬರು ಆ ಒಂದು ರೂಮಿಂದು ಮಾತ್ರ. ಬೇರೆ ಯಾವ ಲಾಡ್ಜಲ್ಲೂ, ಯಾವ ರೂಮಿಗೂ ಅದು ಇರಬಾರದು."

ಹಂಗಾಮಿ ಟೋಪಿ ತೆಗೆದು ತಲೆ ಕೆರೆದರು. "ಒಂದು ಹುದ್ದೆ, ಒಂದು ಹೆಬ್ಬೆಟ್ಟು ಅನ್ನಿ."

"ಭಲೇ! ಅದೇ. ಕಂಪ್ಯೂಟರು ಬಂದಾಗ ಮೊದಲು ನೋಡೋದು ಹುದ್ದೆ. ತನಗೆ ಗೊತ್ತಿರೋ ನಮೂನೆ ಅಲ್ಲ ಅಂದ್ರೆ ಬಾಗಿಲೂ ತಟ್ಟಲ್ಲ, ಸುಮ್ಮನೆ ಮುಂದೆ ಹೋಗುತ್ತೆ. ಒಳಗೆ ಯಾರೋ ಕೂತು ಕೂಗ್ತಾ ಇದ್ರೂ ಅದಕ್ಕೆ ಕೇಳ್ಸಲ್ಲ."

ಸ್ಪೀಕರ್ ಗೊರ್ ಎಂದಿತು. ಇಬ್ಬರೂ ಬೆಚ್ಚಿ ಮೇಲೆ ನೋಡಿದರು. ಏನೂ ಇಲ್ಲ.

"ನಿಮ್ಮ ಪ್ರಯೋಗಾಲಯದವರ ಕಂಪ್ಯೂಟರೂ ಹಂಗೇ ಎರಡನೇ ರೂಮು ದಾಟ್ಕೊಂಡು ಹೋಗಿದೆ," ಡಾಕ್ಟ್ರಮ್ಮ ದನಿ ತಗ್ಗಿಸಿದಳು. "ಆಗ ಪರೀಕ್ಷಕರು ರಿಜಿಸ್ಟರನ್ನ ತಾವೇ ಕೈಯಾರೆ ಓದಿದ್ದಾರೆ. ನಮೂನೆ ಪಟ್ಟಿಯಲ್ಲಿ ಆ ನಂಬರು ಸಿಗ್ಲಿಲ್ಲ. ಅದಕ್ಕೇ ಬರ್ದಿದ್ದಾರೆ ನೋಡಿ."

ಅವಳು ಮೂಗಿನ ತುದಿಗೆ ಇಲ್ಲದ ಕನ್ನಡಕ ಇಳಿಸಿಕೊಂಡು, ಗಂಟಲು ಸರಿಮಾಡಿ, ಪರೀಕ್ಷಕರ ದನಿಯನ್ನೇ ತೆಗೆದಳು. "'ನಮೂನೆ: ಅಜ್ಞಾತ. ಗೋಡೆ ಒಡೆದಂತೆ ನೇರವಾಗಿ ಧ್ವನಿ ಫೈಲನ್ನು ಹೊರತೆಗೆಯಲಾಗಿದೆ. ಅನನ್ಯ ಸಂಖ್ಯೆ: ಮನಸ್ಸಿಗೆ ಬಂದಂತೆ ಆರಿಸಿದ್ದು, ಅದರಿಂದ ಯಾವ ಮಾಹಿತಿಯೂ ಸಿಗುವುದಿಲ್ಲ, ಹ್ಞಾಂ.'"

"ಆ ಹ್ಞಾಂ ವರದಿಯಲ್ಲಿ ಇಲ್ವಲ್ಲ?"

"ಇಲ್ಲ. ಆದ್ರೆ ಅವರ ಬಾಯಲ್ಲಿ ಇದೆ."

ಹಂಗಾಮಿ ನಕ್ಕರು. ಡಾಕ್ಟ್ರಮ್ಮನ ಗಂಟಲಲ್ಲಿ ನೂರು ಜನ ಬಾಡಿಗೆಗಿದ್ದಾರೆ ಎಂದು ಊರೆಲ್ಲ ಹೇಳುತ್ತಿತ್ತು.

ಆದರೆ ಅವಳು ನಗಲಿಲ್ಲ. ಅವಳ ಬೆರಳು ಆ ಅಜ್ಞಾತ ನಮೂನೆಯ ನಂಬರಿನ ಮೊದಲ ಗುಂಪಿನ ಮೇಲೆಯೇ ನಿಂತಿತ್ತು. AF 3D C6 0F. ಇದನ್ನು ಎಲ್ಲಿ ನೋಡಿದ್ದೇನೆ? ಬಸ್ಸಿನ ಕನ್ನಡಿಯಲ್ಲಿ ಪಕ್ಕದ ಮನೆಯವರ ಮುಖ ಕಂಡ ಹಾಗೆ, ಗೊತ್ತು, ಆದರೂ ಗೊತ್ತಿಲ್ಲ.

ಕನ್ನಡಿ!

ಪೆನ್ನು ತೆಗೆದು ಜೋಡಿಗಳನ್ನು ಹಿಂದಿನಿಂದ ಮುಂದಕ್ಕೆ ಬರೆದಳು. 0F C6 3D AF.

"ಅಯ್ಯೋ, ಇವ್ನಾ!"

"ಯಾರು? ಯಾರು?" ಹಂಗಾಮಿ ಸೊಂಟದ ಲಾಠಿಗೆ ಕೈ ಹಾಕಿದರು.

"ಕೂತ್ಕೊಳ್ಳಿ ಸಾರ್. ಇದು ಅಜ್ಞಾತನೂ ಅಲ್ಲ, ವನವಾಸನೂ ಅಲ್ಲ. ಲಿನಕ್ಸ್ ಮಷಿನ್ನುಗಳಲ್ಲಿ ದಿನಾ ಸಿಗೋ ಮಾಮೂಲಿ ಉಗ್ರಾಣ. ನನ್ನ ಫೋನ್ ನಂಬರು ಮರೆತ್ರೂ ಇದು ಮರೆಯಲ್ಲ. ಪರೀಕ್ಷಕರು ತಲೆಕೆಳಗಾಗಿ ಓದಿದ್ದಾರೆ."

ಇಂಥ ಪ್ರತಿ ಸಂಖ್ಯೆಯಲ್ಲೂ ಐದು ಗುಂಪು. ಡಿಸ್ಕಿನ ಮೇಲೆ ಬರೆಯುವಾಗ ಮೊದಲ ಮೂರು ಗುಂಪುಗಳ ಜೋಡಿಗಳು ಹಿಂದುಮುಂದಾಗಿ ಕೂರುತ್ತವೆ, ಕೊನೆಯ ಎರಡು ನೆಟ್ಟಗೆ ಕೂರುತ್ತವೆ. ಉಪಕರಣ ಓದಿದರೆ ತಾನೇ ತಿರುಗಿಸಿಕೊಳ್ಳುತ್ತದೆ. ಕೈಯಾರೆ ಓದುವವರು ಮರೆಯುತ್ತಾರೆ. ಕಾಲೇಜು ಪ್ರಯೋಗಾಲಯದಲ್ಲಿ ಅವಳೂ ಒಮ್ಮೆ ಮರೆತು, ಮೇಷ್ಟರ ಕೈಲಿ ಇಡೀ ತರಗತಿಯ ಮುಂದೆ ಬೈಸಿಕೊಂಡಿದ್ದಳು.

"ಅರ್ಧ ಉಲ್ಟಾ, ಅರ್ಧ ಸೀದಾ," ಹಂಗಾಮಿ ಮೆಚ್ಚುಗೆಯಿಂದ ತಲೆದೂಗಿದರು. "ನಮ್ಮ ಇಲಾಖೆ ಸುತ್ತೋಲೆ ಇದ್ದಂಗಿದೆ."

ಡಾಕ್ಟ್ರಮ್ಮ ಆಗಲೇ ಮುಂದಿನ ಸಾಲಿಗೆ ಹೋಗಿದ್ದಳು. ಹುದ್ದೆಯನ್ನು ತಲೆಕೆಳಗಾಗಿ ಓದಿದವನು ಹೆಬ್ಬೆಟ್ಟನ್ನು ಸರಿಯಾಗಿ ಓದಿರುತ್ತಾನೆಯೇ? ಎರಡನೇ ಕೋಣೆಯ ಅನನ್ಯ ಸಂಖ್ಯೆ. ಅದರ ಮೂರನೇ ಗುಂಪು, ವರದಿಯಲ್ಲಿ EF 11. ಅವಳು ತಿರುಗಿಸಿದಳು. 11 EF.

ಮೊದಲ ಅಂಕೆಗೆ ಪೆನ್ನಿನಿಂದ ಸುತ್ತು ಹಾಕಿದಳು.

"ಸಾರ್, ಈ ಹೆಬ್ಬೆಟ್ಟುಗಳಲ್ಲಿ ಎರಡು ಬಗೆ ಜಾಸ್ತಿ ಸಿಗೋದು. ಒಂದು, ಕಣ್ಣು ಮುಚ್ಕೊಂಡು ಎತ್ತಿದ ಚೀಟಿ ಇದ್ದಂಗೆ. ಅದಕ್ಕೆ ಹಿಂದೂ ಇಲ್ಲ ಮುಂದೂ ಇಲ್ಲ. ಮೂರನೇ ಗುಂಪು ನಾಲ್ಕರಿಂದ ಶುರುವಾದ್ರೆ ಅದು. ಮೊದಲ್ನೇ ರೂಮಿಂದು ಅಂಥದ್ದೇ. ಇನ್ನೊಂದು ಹಳೇ ಬಗೆ. ಅದು ಒಂದರಿಂದ ಶುರುವಾಗುತ್ತೆ. ಇದು ಅದು."

"ಅದ್ರಲ್ಲೇನಿದೆ?"

"ಹುಟ್ಟಿದ ದಿನ ಇದೆ. ಹೆತ್ತವರ ವಿಳಾಸ ಇದೆ."

ಹಂಗಾಮಿಯ ನಗು ಅರ್ಧಕ್ಕೆ ನಿಂತಿತು.

ಅವಳು ಚೀಲದಿಂದ ಲ್ಯಾಪ್‌ಟಾಪ್ ಎಳೆದು ತೊಡೆಯ ಮೇಲಿಟ್ಟುಕೊಂಡಳು. ನಾನೂರು ಚಿಲ್ಲರೆ ವರ್ಷದ ಹಿಂದೆ, ಕ್ಯಾಲೆಂಡರು ಬದಲಾಯಿಸಿದ ಒಂದು ದಿನದಿಂದ ಹಳೆಯ ಬಗೆಯ ಸಂಖ್ಯೆಯೊಳಗಿನ ಗಡಿಯಾರದ ಎಣಿಕೆ ಶುರು. ಒಂದೊಂದು ಸೆಕೆಂಡನ್ನೂ ಕೋಟಿ ಚೂರು ಮಾಡಿ ಎಣಿಸುತ್ತಾ ಬಂದರೆ, ಕೋಣೆ ಹುಟ್ಟಿದ ಗಳಿಗೆ ಸಿಗುತ್ತದೆ. ಮೂರು ಗುಂಪುಗಳನ್ನು ತಿರುಗಿಸಿ ತುಂಬಿದಳು. ಉತ್ತರ ಬಂತು.

ದನಿಯಣ್ಣ ಸತ್ತ ಆರನೇ ದಿನ. ಮಧ್ಯಾಹ್ನ ಹನ್ನೆರಡು ನಲವತ್ತು.

"ಫೈಲಿನ ತಾರೀಕು ಅವ್ರು ಸತ್ತ ದಿನದ್ದು," ಹಂಗಾಮಿ ನಿಧಾನವಾಗಿ ಹೇಳಿದರು. "ರೂಮು ಕಟ್ಟಿದ್ದು ಆರು ದಿನ ಆದ್ಮೇಲೆ. ಅಂದ್ರೆ ರೂಮು ಕಟ್ಟೋಕ್ಮುಂಚೆನೇ ಗಿರಾಕಿ ಒಳಗೆ ಮಲಗಿದ್ದ?"

"ಫೈಲಿನ ತಾರೀಕು ಯಾರು ಬೇಕಾದ್ರೂ ಹಿಂದಕ್ಕೆ ಹಾಕಬಹುದು. ಹಾಕಿದ್ದಾರೆ. ರೂಮಿಗೂ ಒಂದು ತಾರೀಕಿದೆ ಅನ್ನೋದು ಅವರಿಗೆ ಗೊತ್ತಿಲ್ಲ."

"ರೂಮಿನ ತಾರೀಕೂ ಸುಳ್ಳು ಇರಬಹುದಲ್ಲ?"

"ಇರಬಹುದು. ಆದ್ರೆ ಹೇಳಿ ಸಾರ್, ಸತ್ತವನೇ ಮಾತಾಡಿದ್ದಾನೆ ಅಂತ ನಂಬಿಸೋಕೆ ಹೊರಟವನು, ಸತ್ತ ಮೇಲಿನ ತಾರೀಕನ್ನ ಬೇಕಂತ ಹಾಕ್ತಾನಾ?"

ಹಂಗಾಮಿ ಟೋಪಿಯನ್ನು ತಲೆಗೇರಿಸಿದರು. "ವಿಳಾಸ ಅಂದ್ರಲ್ಲ."

"ಕೊನೇ ಗುಂಪು. ಆ ರೂಮು ಕಟ್ಟಿದ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿನ ನಂಬರು. ಕೊನೇಲಿ 4C 7B 2E ಅಂತಿದೆ. ಇದು ನೆಟ್ಟಗೇ ಇರುತ್ತೆ, ತಿರುಗಿಸೋದು ಬೇಡ."

"ಕೇಳಿ ಡಾಕ್ಟ್ರೆ. ನೀವು ಆರೋಪಿ ನೆಂಟ್ರು. ನೀವು ಹೇಳಿದ್ದು ಕೋರ್ಟಲ್ಲಿ ನಿಲ್ಲಲ್ಲ. ಆ ಕಾರ್ಡಿರೋ ಮಷಿನ್ನು ತೋರಿಸಿ. ಮಷಿನ್ನು ಹೇಳಿದ್ರೆ ನಿಲ್ಲುತ್ತೆ. ನಾಲ್ಕಕ್ಕೆ ಮುಂಚೆ ನಾನೇ ಹೋಗಿ ಜಡ್ಜ್ ಮುಂದೆ ನಿಲ್ತೀನಿ."

ಡಾಕ್ಟ್ರಮ್ಮ ತಲೆಯೆತ್ತಿ ಮೇಲೆ ನೋಡಿದಳು. ಮೆಟ್ಟಿಲ ತುದಿಯಲ್ಲಿ ಘೋಷಣಾ ಕೊಠಡಿ. ಬಾಗಿಲ ಮೇಲೆ ಕೆಂಪು ದೀಪ.

ಫೋನು ನಡುಗಿತು. ತಂಗಿ.

"ಅಕ್ಕಾ, ಏನಾದ್ರೂ ಸಿಕ್ತಾ?"

"ಸಿಗ್ತಾ ಇದೆ ಕಣೇ. ಎಲ್ಲಿದ್ದೀಯ? ಊಟ ಮಾಡ್ದಾ?"

"ಕೋರ್ಟಿನ ಹತ್ರನೇ ಇದ್ದೀನಿ. ಗಂಟಲಲ್ಲಿ ಇಳೀತಿಲ್ಲ ಅಕ್ಕಾ."

"ಅಂಗಡಿ ಬೀಗ ಹಾಕಿದ್ಯಾ? ಮುದುಕನ್ನ ಮಲಗಿಸಿದ್ಯಾ?"

ಮುದುಕ ಎಂದರೆ ಡಾಕ್ಟ್ರಮ್ಮನ ಅಂಗಡಿಯ ಹಳೆಯ ಕಂಪ್ಯೂಟರು. ಅದರ ಫ್ಯಾನಿಗೊಂದು ಹಳೆ ಗಾಯ. ತಂಗಿಯನ್ನು ನಗಿಸಲೆಂದು ಅವಳು ಅದರ ಸದ್ದು ತೆಗೆದಳು. "ಗರ್ರ್... ಟಕ್. ಗರ್ರ್... ಟಕ್‌ಟಕ್."

ತಂಗಿ ಮೂಗಿನಲ್ಲಿ ಸ್ವಲ್ಪ ನಕ್ಕಳು, ಅತ್ತವರು ನಗುವ ಹಾಗೆ. "ಮಲಗಿಸಿದ್ದೀನಿ. ಬೀಗದ ಕೈ ಬ್ಯಾಗಲ್ಲೇ ಇದೆ. ಬೇಗ ಬಾ ಅಕ್ಕಾ."

ಡಾಕ್ಟ್ರಮ್ಮ ಫೋನಿಟ್ಟು ಮೆಟ್ಟಿಲು ಹತ್ತಿದಳು. ಗಡಿಯಾರದಲ್ಲಿ ಮೂರು ಗಂಟೆ ಐದು ನಿಮಿಷ.

ಘೋಷಣಾ ಕೊಠಡಿಯ ಗೋಡೆಗಳಿಗೆಲ್ಲ ದಪ್ಪ ಕಂಬಳಿಯಂಥ ಹೊದಿಕೆ. ಬಾಗಿಲು ಮುಚ್ಚಿದ ಕೂಡಲೇ ನಿಲ್ದಾಣದ ಗದ್ದಲ ಕತ್ತರಿಸಿಟ್ಟಂತೆ ನಿಂತುಹೋಯಿತು. ತಮ್ಮ ಬೂಟಿನ ಸದ್ದೇ ತಮಗೆ ಕೇಳದೆ ಹಂಗಾಮಿ ಬಗ್ಗಿ ಕಾಲು ನೋಡಿಕೊಂಡರು.

ಒಳಗೆ ಎರಡು ಕುರ್ಚಿ. ಒಂದರಲ್ಲಿ ಕೊಠಡಿಯ ಯಂತ್ರಗಳನ್ನು ನೋಡಿಕೊಳ್ಳುವ ಮೈಕಣ್ಣ. ಇನ್ನೊಂದು ಖಾಲಿ. ಅದರ ಮುಂದೆ ಒಂದು ಮೈಕು, ಒಂದು ಲೋಟ ನೀರು. ನೀರಿನ ಮೇಲೆ ಮುಚ್ಚಳ.

"ಬನ್ನಿ," ಮೈಕಣ್ಣ ಪಿಸುಗುಟ್ಟಿದ. ಮೂವತ್ತು ವರ್ಷ ತೆರೆದ ಮೈಕಿನ ಪಕ್ಕದಲ್ಲಿ ಬದುಕಿದ ಮನುಷ್ಯ. ಜೋರಾಗಿ ಮಾತಾಡುವುದೇ ಅವನಿಗೆ ಮರೆತುಹೋಗಿತ್ತು. ಮನೆಯಲ್ಲಿ ಜಗಳವನ್ನೂ ಪಿಸುಮಾತಿನಲ್ಲೇ ಆಡುತ್ತಾನಂತೆ. "ಆ ಕುರ್ಚಿ ಮೇಲೆ ಮಾತ್ರ ಕೂರಬೇಡಿ. ಅವ್ರದು."

"ಅವ್ರು ಸತ್ತು ಒಂದು ತಿಂಗಳಾಗ್ತಾ ಬಂತಲ್ಲಪ್ಪಾ," ಹಂಗಾಮಿಯೂ ತಾವರಿಯದೆ ಪಿಸುಗುಟ್ಟಿದರು.

"ಹೌದಾ?" ಎಂದ ಮೈಕಣ್ಣ, ಯಾರೋ ಗಾಡಿ ತಡ ಎಂದು ಹೇಳಿದ ಹಾಗೆ. "ಈಗ ತಾನೇ ಎರಡು ಮೂವತ್ತೈದರ ಗಾಡಿ ಹೇಳಿದ್ರು."

ಡಾಕ್ಟ್ರಮ್ಮ ಗೋಡೆಗೆ ಒರಗಿ ನಿಂತಳು. "ಒಂಬತ್ತನೇ ಪ್ಲಾಟ್‌ಫಾರ್ಮ್ ಅಂತ ದನಿಯಣ್ಣ ಬದುಕಿದ್ದಾಗ ಯಾವತ್ತೂ ಹೇಳಿಲ್ಲ ಮೈಕಣ್ಣ. ಹೇಳಿಸಿದ್ದು ನೀವು."

ಅವನು ಅಲ್ಲಗಳೆಯಲಿಲ್ಲ. ಪರದೆಯ ಕಡೆ ತಿರುಗಿ ಒಂದು ಪಟ್ಟಿ ತೆರೆದ. ಇಪ್ಪತ್ತೆರಡು ವರ್ಷದ ಮಾತು, ಒಂದೊಂದು ಪದವೂ ಬೇರೆ ಬೇರೆ. ಅಂಕೆಗಳು. ಊರುಗಳು. ದಯವಿಟ್ಟು. ವಿಷಾದಿಸುತ್ತೇವೆ.

"ಮೇಲಿನವರು ಹೊಸಾ ದನಿ ತರ್ತೀವಿ ಅಂದ್ರು. ಜನ ಒಪ್ಪಲ್ಲ ಅಂದೆ. 'ಒಂಬತ್ತ' ಒಂದು ಕಡೆಯಿಂದ ತಗೊಂಡೆ, 'ನೇ' ಇನ್ನೊಂದು ಕಡೆಯಿಂದ. ಜೋಡಿಸಿದೆ. ಮೊದ್ಲು ಚೆನ್ನಾಗಿ ಬರ್ಲಿಲ್ಲ ಮಗಳೇ. ಸತ್ತಂಗಿತ್ತು. ಆಮೇಲೆ ಗೊತ್ತಾಯ್ತು, ಏನು ಕಮ್ಮಿ ಅಂತ."

"ಏನು?"

ಅವನು ಒಂದು ಫೋಲ್ಡರಿನ ಮೇಲೆ ಬೆರಳಿಟ್ಟ. ಅದರ ಹೆಸರು: ಉಸಿರು.

"ಮಾತಿಗೆ ಮುಂಚೆ ಅವ್ರು ತಗೊಳ್ಳೋ ಉಸಿರು. ಇನ್ನೂರ ಹದಿನಾಲ್ಕಿದೆ. ಒಂದೂ ಇನ್ನೊಂದರ ಥರ ಇಲ್ಲ."

ಅವನು ಒತ್ತಿದ. ಕಂಬಳಿ ಹೊದ್ದ ಕೋಣೆಯೊಳಗೆ, ಖಾಲಿ ಕುರ್ಚಿಯ ಕಡೆಯಿಂದ ಬಂದಂತೆ, ಯಾರೋ ಮೂಗಿನಲ್ಲಿ ಮೆಲ್ಲಗೆ ಉಸಿರೆಳೆದುಕೊಂಡರು.

ಹಂಗಾಮಿ ಒಂದು ಹೆಜ್ಜೆ ಹಿಂದೆ ಸರಿದರು. ಡಾಕ್ಟ್ರಮ್ಮ ಫೋನಿನಲ್ಲಿದ್ದ ಆ ಒಂದು ಮಾತನ್ನು ತೆರೆದು ಮೇಜಿನ ಮೇಲಿಟ್ಟಳು.

"ನನಗೆ ಏನಾದರೂ ಆದಲ್ಲಿ, ಅದಕ್ಕೆ ಕಾರಣ ನನ್ನ ತಮ್ಮ."

ಮೈಕಣ್ಣ ಕಣ್ಣು ಮುಚ್ಚಿ ಕೇಳಿದ. ಕಣ್ಣು ತೆರೆದಾಗ ಅವನ ಮುಖ ಬಿಳಿಚಿಕೊಂಡಿತ್ತು.

"ಅರವತ್ತೊಂದು," ಎಂದ.

"ಏನು ಅರವತ್ತೊಂದು?"

"'ಅದಕ್ಕೆ' ಅನ್ನೋಕೆ ಮುಂಚಿನ ಉಸಿರು. ಅರವತ್ತೊಂದನೇದು. ನೆಗಡಿ ಆಗಿತ್ತು ಅವತ್ತು, ಕೊನೇಲಿ ಸಣ್ಣಗೆ ಸೀಟಿ ಬರುತ್ತೆ. ನಾನೇ ಕತ್ತರಿಸಿದ್ದು. 'ಕಾರಣ' ಗಾಡಿ ತಡ ಆಗಿದ್ದಕ್ಕೆ ಹೇಳಿದ್ದು. 'ತಮ್ಮ'..." ಅವನು ಪಟ್ಟಿಯಲ್ಲಿ ಒಂದು ಸಾಲು ತೋರಿಸಿದ. "ಪ್ರಯಾಣಿಕರು ತಮ್ಮ ಸಾಮಾನುಗಳ ಕಡೆ ಗಮನವಿಡಿ. ಅದರಲ್ಲಿಂದು ಮಗಳೇ."

"ಇದನ್ನ ಜಡ್ಜ್ ಮುಂದೆ ಹೇಳಿದ್ರೆ ನಕ್ಕು ಕಳಿಸ್ತಾರೆ," ಹಂಗಾಮಿ ಚೇತರಿಸಿಕೊಂಡರು. ಅವರ ಪಿಸುಮಾತೀಗ ಪೊಲೀಸು ಮಾತಾಗಿತ್ತು. "ಉಸಿರು ನಿನ್ನದು. ಪದಗಳು ನಿನ್ನವು. ಜೋಡಿಸೋ ಕೈಚಳಕ ನಿನ್ನದು. ಅವರು ಸತ್ತ ಆರನೇ ದಿನ ಮಧ್ಯಾಹ್ನ ಎಲ್ಲಿದ್ದೆ?"

"ಇಲ್ಲೇ. ನಾನು ಯಾವಾಗಲೂ ಇಲ್ಲೇ."

"ಈ ಕಂಪ್ಯೂಟರಿನ ಮುಂದೆ?"

"ಇದೊಂದೇ ಇರೋದು."

"ಡಾಕ್ಟ್ರೆ, ಕಾರ್ಡಿನ ನಂಬರು ನೋಡಿ."

ಅವಳು ಮೈಕಣ್ಣನ ಭುಜದ ಮೇಲಿನಿಂದ ಬಾಗಿ ಕೀಲಿಮಣೆ ಎಳೆದುಕೊಂಡಳು. ಇವನೇ ಆಗಿದ್ದರೆ ಎಲ್ಲ ಮುಗಿಯಿತು. ತಂಗಿಯ ಗಂಡ ಸಂಜೆಗೆ ಮನೆಯಲ್ಲಿರುತ್ತಾನೆ. ಇವನೇ ಆಗಿರಲಿ ಎಂದು ಬೇಡಿಕೊಳ್ಳುತ್ತಿರುವುದು ಅವಳಿಗೇ ಗೊತ್ತಾಗಿ ನಾಚಿಕೆಯಾಯಿತು.

ಪರದೆಯ ಮೇಲೆ ಸಂಖ್ಯೆ ಮೂಡಿತು. ಕೊನೆಯಲ್ಲಿ 19 A0 D5.

"ಇದಲ್ಲ," ಎಂದಳು.

"ಉಲ್ಟಾ ಮಾಡಿ ನೋಡಿ."

"ಕೊನೇ ಗುಂಪು ಉಲ್ಟಾ ಆಗಲ್ಲ ಸಾರ್. ಇದಲ್ಲ. ಇವ್ರಲ್ಲ."

ಮೈಕಣ್ಣ ಮುಖ ಮುಚ್ಚಿಕೊಂಡು ಅತ್ತ. ಅದಕ್ಕೂ ಸದ್ದಿರಲಿಲ್ಲ.

"ಹಾಗಾದ್ರೆ ಈ ಉಸಿರುಗಳನ್ನ ಯಾರಿಗೆ ಕೊಟ್ರಿ?" ಅವಳು ಅವನ ಎದುರು ಕುಕ್ಕರುಗಾಲಿನಲ್ಲಿ ಕೂತು, ಮಗುವನ್ನು ಕೇಳುವ ಹಾಗೆ ಕೇಳಿದಳು. "ಅಷ್ಟು ಸಣ್ಣ ಚೂರು ಬೇರೆಯವ್ರ ಕೈಗೆ ಹಂಗೇ ಸಿಗಲ್ಲ. ನೀವೇ ಕೊಟ್ಟಿದ್ದೀರಿ."

"ಒಬ್ರೇ ಒಬ್ರಿಗೆ. ಅವ್ರು ಹೋದ ನಾಲ್ಕನೇ ದಿನ. ಮನೆಯವ್ರೇ ಬಂದಿದ್ರು. ದನಿ ನೆನಪಿಗೆ ಬೇಕು ಅಂತ ಅತ್ರು. ಒಂದು ಡಿಸ್ಕಿಗೆ ಹಾಕಿ ಕೊಟ್ಟೆ."

"ಮನೆಯವ್ರು ಅಂದ್ರೆ? ಗಂಡಸಾ, ಹೆಂಗಸಾ?" ಹಂಗಾಮಿ ಮುಂದೆ ಬಾಗಿದರು.

"ಹೆಣ್ಮಗಳು. ತಲೆ ಮೇಲೆ ಹೊದ್ಕೊಂಡಿದ್ರು, ಮುಖ ಸರಿಯಾಗಿ ನೋಡ್ಲಿಲ್ಲ. ದನಿ ಮಾತ್ರ..." ಮೈಕಣ್ಣ ತಲೆಯೆತ್ತಿ ಡಾಕ್ಟ್ರಮ್ಮನನ್ನು ನೋಡಿದ. ನೋಡುತ್ತಲೇ ಇದ್ದ. "ದನಿ ಸ್ವಲ್ಪ ನಿಮ್ಮ ಥರಾನೇ ಇತ್ತು ಮಗಳೇ. ನಾನು ದನಿ ಮರೆಯೋನಲ್ಲ."

ಹಂಗಾಮಿಯ ಕಣ್ಣು ಮೊದಲ ಸಲ ಅವಳ ಮೇಲೆ ಬೇರೆ ರೀತಿಯಲ್ಲಿ ಕೂತಿತು. ನೂರು ದನಿಯ ಗಂಟಲು ಅವಳದು. ಅದನ್ನು ಮೆಚ್ಚಿ ನಕ್ಕವರಿಗೆ ಈಗ ಅದೇ ನೆನಪಾಗಿತ್ತು.

"ನಿಮ್ಮ ಪುಸ್ತಕ ತೆಗೀರಿ ಡಾಕ್ಟ್ರೆ," ಎಂದರು.

ಅದು ಅವಳ ಕೆಲಸದ ಪದ್ಧತಿ. ಕೈಗೆ ಬಂದ ಪ್ರತಿ ಮಷಿನ್ನಿನ ಕಾರ್ಡಿನ ಸಂಖ್ಯೆಯನ್ನೂ ರಟ್ಟಿನ ಪುಸ್ತಕವೊಂದರಲ್ಲಿ ಬರೆದಿಡುತ್ತಿದ್ದಳು. ಊರಿನ ಅರ್ಧ ಕಂಪ್ಯೂಟರುಗಳು ಒಂದಲ್ಲ ಒಂದು ದಿನ ಅವಳ ಅಂಗಡಿಯ ಮೇಜು ಹತ್ತಿ ಇಳಿದವೇ. ಇಂಥದ್ದೊಂದು ಪುಸ್ತಕ ಅವಳ ಬಳಿ ಇದೆಯೆಂದು ಹಂಗಾಮಿಗೂ ಗೊತ್ತಿತ್ತು.

ಅವಳು ಹಿಂದಿನಿಂದ ಶುರುಮಾಡಿದಳು. ಮೊನ್ನೆ ಬಂದದ್ದು, ಹೋದ ತಿಂಗಳು ಬಂದದ್ದು, ಹೋದ ವರ್ಷದ್ದು. ಶಾಲೆಯ ಕಂಪ್ಯೂಟರು. ಕನ್ನಡಕದ ಅಂಗಡಿಯದು. ದನಿಯಣ್ಣನ ಮನೆಯದೂ ಇತ್ತು, ಅದೂ ಅಲ್ಲ. ಪುಟ ಮಗುಚುವ ಸದ್ದನ್ನೂ ಗೋಡೆಗಳು ನುಂಗುತ್ತಿದ್ದವು. ಮೂರು ಇಪ್ಪತ್ತೈದು. ಮೂರು ಮೂವತ್ತೈದು.

"ಇಲ್ಲ," ಎಂದಳು.

"ಮೊದಲ್ನೇ ಪುಟ ನೋಡ್ಲಿಲ್ಲ ನೀವು."

"ಅದು ನಮ್ಮ ಅಂಗಡಿದೇ ಸಾರ್. ಅಂಗಡಿ ತೆರೆದ ದಿನ ಬರ್ದಿದ್ದು."

"ನೋಡಿ."

ಅವಳು ಮಗುಚಿದಳು. ಮೊದಲ ಪುಟ, ಮೊದಲ ಸಾಲು. ಅದು ಅವಳ ಕೈಬರಹವಲ್ಲ. ತಂಗಿಯ ದುಂಡು ಅಕ್ಷರ. ಅಂಗಡಿ ತೆರೆದ ದಿನ, ಮೊದಲ ಹೆಸರು ನಾನೇ ಬರೀತೀನಿ ಎಂದು ಹಟ ಹಿಡಿದು, ನಾಲಿಗೆ ಹೊರಗೆ ಹಾಕಿಕೊಂಡು ಬರೆದಿದ್ದಳು. 'ಮುದುಕ'. ಅದರ ಮುಂದೆ ಸಂಖ್ಯೆ.

ಕೊನೆಯಲ್ಲಿ 4C 7B 2E.

ಆರನೇ ದಿನ ಮಧ್ಯಾಹ್ನ ಹನ್ನೆರಡು ನಲವತ್ತು. ಅವತ್ತು ಡಾಕ್ಟ್ರಮ್ಮ ಸತ್ತವನ ಕಾಗದಪತ್ರ ಹಿಡಿದು ವಕೀಲರ ಕಚೇರಿಯಲ್ಲಿದ್ದಳು. ಅಂಗಡಿಯಲ್ಲಿ ಇದ್ದದ್ದು ತಂಗಿ ಒಬ್ಬಳೇ. ಬೀಗದ ಕೈ ಇರುವುದು ಎರಡೇ. 'ಅಕ್ಕಾ, ಡಿಸ್ಕಿನಲ್ಲಿ ರೂಮು ಹೇಗೆ ಕಟ್ತಾರೆ ಹೇಳಿಕೊಡು' ಎಂದು ಕೇಳಿದವಳಿಗೆ ಹೋದ ವರ್ಷ ಅದೇ ಮುದುಕನ ಮುಂದೆ ಕೂರಿಸಿ, ಹಳೇ ಬಗೆಯ ಹೆಬ್ಬೆಟ್ಟು ಒತ್ತುವ ಉಪಕರಣದಲ್ಲಿ ಹೇಳಿಕೊಟ್ಟವಳೂ ಅವಳೇ. ಕೋಣೆಗೊಂದು ಹುಟ್ಟುದಿನ ಇರುತ್ತದೆ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಗಂಡ ಜೈಲಿನಲ್ಲಿ ಎಂದು ಅನ್ನ ಬಿಟ್ಟು ಅಳುತ್ತಿರುವವಳು. ಗಂಡನನ್ನು ಅಲ್ಲಿಗೆ ಕಳಿಸಿದ ಕೋಣೆಯನ್ನು ಕಟ್ಟಿದವಳು?

"ಸಿಕ್ತಾ?" ಹಂಗಾಮಿ ಕೇಳಿದರು. ಅವರ ಕೈಯಲ್ಲಿ ಪೆನ್ನು, ಹೇಳಿಕೆಯ ಹಾಳೆ. ಪುಸ್ತಕ ಅವಳ ಎದೆಗೆ ಒತ್ತಿಕೊಂಡಿತ್ತು, ಅವರಿಗೆ ಕಾಣುತ್ತಿರಲಿಲ್ಲ. "ಹೆಸರು ಹೇಳಿ ಡಾಕ್ಟ್ರೆ. ಈಗ ಹೊರಟ್ರೆ ನಾಲ್ಕಕ್ಕೆ ಕೋರ್ಟು ಮುಟ್ತೀವಿ. ನಿಮ್ಮ ತಂಗಿ ಗಂಡ ಉಳೀತಾನೆ."

ಫೋನು ನಡುಗಿತು. ತಂಗಿ.

ಡಾಕ್ಟ್ರಮ್ಮ ಕಿವಿಗಿಟ್ಟುಕೊಂಡಳು. ಆ ಕಡೆಯಿಂದ ಮೊದಲು ಮಾತಿಲ್ಲ. ಒಂದು ಉಸಿರು.

"ಅಕ್ಕಾ, ಸಿಕ್ತಾ?"

"ಎಲ್ಲಿದ್ದೀಯೇ?"

"ಹೇಳಿದ್ನಲ್ಲ, ಕೋರ್ಟಿನ ಹತ್ರ."

ಕಂಬಳಿ ಗೋಡೆಗಳ ಆ ಕೋಣೆಯಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ. ಅದಕ್ಕೇ ತಂಗಿಯ ದನಿಯ ಹಿಂದಿನದು ಅಷ್ಟು ಸ್ಪಷ್ಟವಾಗಿ ಕೇಳಿಸಿತು. ವಕೀಲರ ಗದ್ದಲವಲ್ಲ. ಜನರ ಓಡಾಟವಲ್ಲ.

ಗರ್ರ್... ಟಕ್. ಗರ್ರ್... ಟಕ್‌ಟಕ್.

ಅವಳು ಮುದುಕನ ಮುಂದೆ ಕೂತಿದ್ದಳು. ಏನನ್ನೋ ಅಳಿಸುತ್ತಿದ್ದಳು, ಇಲ್ಲವೇ ಇನ್ನೊಂದು ಕೋಣೆ ಕಟ್ಟುತ್ತಿದ್ದಳು.

"ಯಾರ ಮಷಿನ್ನು ಡಾಕ್ಟ್ರೆ?" ಹಂಗಾಮಿ ಪೆನ್ನಿನ ಮುಚ್ಚಳ ತೆಗೆದರು.

"ಯಾರು ಅಂತ ಗೊತ್ತಾಯ್ತಾ ಅಕ್ಕಾ?" ಕಿವಿಯಲ್ಲಿ ತಂಗಿ.

ಡಾಕ್ಟ್ರಮ್ಮ ಬಾಯಿ ತೆರೆದಳು. ಬೇಕೆಂದಾಗ ನೂರು ಜನರ ದನಿ ಬರುತ್ತಿದ್ದ ಗಂಟಲಿನಿಂದ, ಅವಳದೇ ದನಿ ಬರಲಿಲ್ಲ.